ಸಂಗಾತಿ ಕೌನ್ಸೆಲಿಂಗ್ ಒಲ್ಲೆ ಎಂದಾಗ: ಒಬ್ಬರಿಂದಲೇ ಶುರುವಾಗುವ ಎಂಟು ಹೆಜ್ಜೆಗಳು

ಗಂಡ-ಹೆಂಡತಿ ಜೊತೆಯಾಗಿ ಸಮಾಲೋಚಕರ ಮುಂದೆ ಕುಳಿತು ತಮ್ಮ ನಡುವಿನ ತೊಡಕು ಬಿಡಿಸಿಕೊಳ್ಳುವುದಕ್ಕೆ ದಾಂಪತ್ಯ ಸಮಾಲೋಚನೆ ಎನ್ನುತ್ತಾರೆ. ಇಬ್ಬರೂ ಒಪ್ಪಿದರೆ ಮಾತ್ರ ಅದು ನಡೆಯುತ್ತದೆ. ಹತ್ತಿಪ್ಪತ್ತು ವರ್ಷ ಸಂಸಾರ ಮಾಡಿದ ಮೇಲೆ ಒಬ್ಬರಿಗೆ ಅದು ಬೇಕೆನಿಸಿ, ಇನ್ನೊಬ್ಬರು ಖಡಾಖಂಡಿತವಾಗಿ ಒಲ್ಲೆ ಎನ್ನುವುದು ಅಪರೂಪವಲ್ಲ. ಅಲ್ಲಿಗೆ ಎಲ್ಲ ಮುಗಿಯಿತೆಂದು ಕೈಚೆಲ್ಲಬೇಕಾಗಿಲ್ಲ. ಮನೆಯ ಒಬ್ಬ ಸದಸ್ಯ ತನ್ನ ನಡೆಯನ್ನು ಬದಲಿಸಿ ಅದರಲ್ಲಿ ಗಟ್ಟಿಯಾಗಿ ನಿಂತರೆ, ಉಳಿದವರ ನಡೆಯೂ ಮೊದಲಿನಂತೆ ಇರಲಾರದು ಎಂಬುದು ಅಮೆರಿಕದ ಮನೋವೈದ್ಯ ಮರ್ರೆ ಬೋವೆನ್ ರೂಪಿಸಿದ ಕುಟುಂಬ ಸಿದ್ಧಾಂತದ ತಿರುಳು. ಗದಗ ಜಿಲ್ಲೆಯ ಮುಂಡರಗಿಯಂಥ ತಾಲ್ಲೂಕು ಊರಿನಲ್ಲಿ ಒಬ್ಬರೇ ಈ ಕೆಲಸ ಶುರು ಮಾಡುವುದು ಹೇಗೆ ಎಂಬುದನ್ನು ಮುಂದಿನ ಹೆಜ್ಜೆಗಳು ತಿಳಿಸುತ್ತವೆ.

ಒಲ್ಲೆ ಎನ್ನಲು ಕಾರಣವೇನು?

ಗದಗ ಸೀಮೆಯಲ್ಲಿ ಸಂಸಾರದ ಜಗಳ ಮನೆಯಿಂದ ಹೊರಬಿದ್ದರೆ ಮೊದಲು ತಲುಪುವುದು ಹಿರಿಯರ ಕಟ್ಟೆಗೆ. ಎರಡೂ ಕಡೆಯ ಬೀಗರು, ಊರ ಪಂಚರು, ಕೆಲವೊಮ್ಮೆ ಮಠದ ಸ್ವಾಮಿಗಳು ಕೂತು ಬುದ್ಧಿ ಹೇಳುತ್ತಾರೆ. ಲಂಬಾಣಿ ತಾಂಡಾಗಳಲ್ಲಿ ಈ ಕೆಲಸ ನಾಯಕ, ಡಾವ, ಕಾರಭಾರಿಗಳದ್ದು. ಆ ಕೂಟದಲ್ಲಿ ತಪ್ಪು ಯಾರದೆಂದು ತೀರ್ಮಾನವಾಗುತ್ತದೆ, ಮಾತು ನಾಲ್ಕು ಮಂದಿಯ ಬಾಯಿಗೆ ಬೀಳುತ್ತದೆ. ಕೌನ್ಸೆಲಿಂಗ್ ಎಂಬ ಹೆಸರು ಕೇಳಿದ ಕೂಡಲೇ ಬಹಳ ಗಂಡಸರ, ಹಲವು ಹೆಂಗಸರ ಕಣ್ಣಿಗೆ ಬರುವುದು ಇದೇ ಪಂಚಾಯ್ತಿ. ಅವರು ಒಲ್ಲೆ ಎನ್ನುವುದು ಮಾತುಕತೆಯನ್ನಲ್ಲ. ತಪ್ಪಿತಸ್ಥರಾಗಿ ನಿಲ್ಲುವ ಅವಮಾನವನ್ನು.

ಎರಡನೆಯದು ಹುಚ್ಚಿನ ಹೆಸರಿನ ಭಯ. 1845ರಲ್ಲಿ ಆರಂಭವಾದ ಧಾರವಾಡದ ಮಾನಸಿಕ ಆಸ್ಪತ್ರೆ ಇಂದು ಡಿಮ್ಹಾನ್ಸ್ ಎಂಬ ಆಧುನಿಕ ಸಂಸ್ಥೆಯಾಗಿದ್ದರೂ, ‘ಧಾರವಾಡಕ್ಕೆ ಕಳಿಸಬೇಕು’ ಎಂಬ ಮಾತು ಈ ಭಾಗದಲ್ಲಿ ಇನ್ನೂ ಬೈಗುಳವಾಗಿಯೇ ಉಳಿದಿದೆ. ‘ನನಗೇನು ಹುಚ್ಚ ಹಿಡದೈತೇನು?’ ಎಂಬ ಉತ್ತರ ಹುಟ್ಟುವುದು ಇಲ್ಲಿಂದ. ಮೂರನೆಯದು ದಿನಗೂಲಿ ಮತ್ತು ದೂರ. ಗದಗಕ್ಕೆ ಹೋಗಿಬಂದರೆ ಒಂದು ದಿನದ ಕೆಲಸ ಹೋಯಿತು; ದುಡಿಮೆಗೆ ಗೋವಾ, ಮಂಗಳೂರು, ಬೆಂಗಳೂರಿಗೆ ಗುಳೆ ಹೋದ ಸಂಗಾತಿಗೆ ಅದೂ ಸಾಧ್ಯವಿಲ್ಲ. ನಾಲ್ಕನೆಯದಾಗಿ, ಕುಡಿತ, ಸಾಲ, ಹೊರಗಿನ ಸಂಬಂಧದಂಥ ಗುಟ್ಟು ಬಯಲಾದೀತೆಂಬ ಅಂಜಿಕೆ ಇರಬಹುದು. ಕಾರಣ ಯಾವುದೆಂದು ತಿಳಿದರೆ ಹಿಡಿಯಬೇಕಾದ ದಾರಿಯೂ ತಿಳಿಯುತ್ತದೆ.

ಹೆಜ್ಜೆ 1: ಮೊದಲು ಸುರಕ್ಷತೆ

ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಮನೆಯಲ್ಲಿ ಹೊಡೆತ, ಬೆದರಿಕೆ, ಬಲವಂತದ ಲೈಂಗಿಕ ಸಂಪರ್ಕ, ಹೊರಗೆ ಬಿಡದಿರುವುದು, ಖರ್ಚಿಗೆ ಹಣ ಕೊಡದೆ ಸತಾಯಿಸುವುದು ಇದೆಯೇ? ಇದ್ದರೆ ಅದು ಇಬ್ಬರ ನಡುವಿನ ಮನಸ್ತಾಪವಲ್ಲ, ದೌರ್ಜನ್ಯ. ಅಂಥಲ್ಲಿ ಜಂಟಿ ಸಮಾಲೋಚನೆಗೆ ಒತ್ತಾಯಿಸುವುದೇ ಅಪಾಯ. ಸಮಾಲೋಚಕರ ಮುಂದೆ ಬಾಯಿಬಿಟ್ಟದ್ದಕ್ಕೆ ಮನೆಗೆ ಬಂದ ಮೇಲೆ ಏಟು ಬೀಳಬಹುದು.

ತಕ್ಷಣದ ನೆರವಿಗೆ 112, ಮಹಿಳೆಯರಿಗೆ 181 ಸಹಾಯವಾಣಿ ಇದೆ. ಜಿಲ್ಲೆಗಳಲ್ಲಿ ನಡೆಯುವ ‘ಸಖಿ’ ಒನ್ ಸ್ಟಾಪ್ ಕೇಂದ್ರದಲ್ಲಿ ಚಿಕಿತ್ಸೆ, ಪೊಲೀಸ್ ನೆರವು, ಕಾನೂನು ಸಲಹೆ, ಸಮಾಲೋಚನೆ ಮತ್ತು ಕೆಲವು ದಿನಗಳ ತಂಗುವಿಕೆ ಒಂದೇ ಕಡೆ ಸಿಗುತ್ತವೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರಲ್ಲಿ ಅಂಗೀಕಾರವಾಗಿ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ದೂರು ದಾಖಲಿಸಿಕೊಳ್ಳುವವರು ಸಂರಕ್ಷಣಾಧಿಕಾರಿ. ಕರ್ನಾಟಕದ ತಾಲ್ಲೂಕುಗಳಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ, ಅಂದರೆ ಸಿಡಿಪಿಒಗೆ, ಈ ಜವಾಬ್ದಾರಿ ಇದೆ. ಹಾದಿ ಗೊತ್ತಿಲ್ಲದವರು ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಅವರು ಆ ಕಚೇರಿ ತೋರಿಸುತ್ತಾರೆ. ಈ ಕಾಯ್ದೆಯ 14ನೇ ಕಲಮಿನಡಿ ಇಬ್ಬರಲ್ಲಿ ಒಬ್ಬರಿಗೆ ಅಥವಾ ಇಬ್ಬರಿಗೂ ಸಮಾಲೋಚನೆ ಪಡೆಯುವಂತೆ ಮ್ಯಾಜಿಸ್ಟ್ರೇಟರು ಸೂಚಿಸಬಹುದು.

ದೌರ್ಜನ್ಯ ಇಲ್ಲ ಎಂದಾದರೆ ಮಾತ್ರ ಮುಂದಿನ ಹೆಜ್ಜೆಗಳನ್ನು ಕ್ರಮವಾಗಿ ಇಡಬಹುದು.

ಹೆಜ್ಜೆ 2: ಕಾರಣ ಕೇಳುವುದು, ವಾದಿಸದಿರುವುದು

ಜಗಳದ ನಡುವೆ ‘ಡಾಕ್ಟರ್ ಹತ್ರ ನಡಿ’ ಎಂದರೆ ಅದು ಬೈದಂತೆಯೇ ಕೇಳಿಸುತ್ತದೆ. ಮಕ್ಕಳು ಮಲಗಿದ ಮೇಲೆ, ಹೊಲದ ಅವಸರ ಇಲ್ಲದ ದಿನ, ಕುಡಿಯದೆ ಇರುವ ಹೊತ್ತು ನೋಡಿ ಮಾತು ತೆಗೆಯಬೇಕು. ‘ನೀವು ಸರಿಯಿಲ್ಲ, ಅದಕ್ಕ ಬರ್ರಿ’ ಎನ್ನುವುದರ ಬದಲು, ‘ನನಗ ನಿದ್ದಿ ಬರವಲ್ತುರಿ, ಮನಸಿಗೆ ಭಾಳ ಸಂಕಟ ಆಗೇತಿ. ನಾ ಯಾರನ್ನರ ಕೇಳಬೇಕಂತೀನಿ. ಒಂದ್ ಸಲ ಜೋಡಿ ಬಂದ್ರ ನನಗ ಧೈರ್ಯ ಆಗತೈತಿ’ ಎಂದರೆ ಕೇಳುವವರಿಗೆ ತಪ್ಪಿತಸ್ಥರಾದ ಭಾವನೆ ಬರುವುದಿಲ್ಲ.

ಆಗಲೂ ಒಲ್ಲೆ ಎಂದರೆ ಕಾರಣ ಕೇಳಿ ಸುಮ್ಮನೆ ಕೇಳಿಸಿಕೊಳ್ಳಬೇಕು. ಮಂದಿಗೆ ಗೊತ್ತಾಗುವ ಭಯವಿದ್ದರೆ, ಚಿಕಿತ್ಸೆಯ ಮಾಹಿತಿ ಗುಟ್ಟಾಗಿ ಉಳಿಯುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಕೊಟ್ಟಿದೆ ಎಂದು ತಿಳಿಸಬಹುದು. ದೂರದ ಚಿಂತೆಯಿದ್ದರೆ ಫೋನಿನ ದಾರಿಯಿದೆ. ಪ್ರತಿದಿನ ಅದನ್ನೇ ಕೇಳುತ್ತ ಹೋದರೆ ಹಟ ಬಲಿಯುತ್ತದೆ. ಒಮ್ಮೆ ಸ್ಪಷ್ಟವಾಗಿ ಹೇಳಿ, ಒಂದೆರಡು ತಿಂಗಳು ಬಿಟ್ಟು ಮತ್ತೆ ಕೇಳುವುದು ಲೇಸು.

ಹೆಜ್ಜೆ 3: ಒಬ್ಬರೇ ನೆರವು ಪಡೆಯುವುದು

ಸಂಗಾತಿ ಬರದಿದ್ದರೂ ಒಬ್ಬರೇ ಸಮಾಲೋಚನೆ ಪಡೆಯಬಹುದು. ಇದರಿಂದ ಮೂರು ಲಾಭ. ಮನಸ್ಸು ಹಗುರಾಗುತ್ತದೆ, ಜಗಳದಲ್ಲಿ ತನ್ನ ಪಾಲೆಷ್ಟು ಎಂಬುದು ಕಾಣುತ್ತದೆ, ಸಂಗಾತಿಯ ಒಪ್ಪಿಗೆ ಕಾಯದೆ ಏನೇನು ಮಾಡಬಹುದೆಂದು ತಿಳಿಯುತ್ತದೆ. ಸಂಗಾತಿಯ ಮೇಲೆ ಚಾಡಿ ಹೇಳಲು ಹೋದಂತೆ ಆಗಬಾರದು. ಹೋಗುತ್ತಿರುವ ವಿಷಯವನ್ನು ಮುಚ್ಚಿಡದೆ ತಿಳಿಸಿ ಹೋದರೆ ಅನುಮಾನ ಹುಟ್ಟುವುದಿಲ್ಲ.

ಮುಂಡರಗಿಯವರಿಗೆ ಸಿಗುವ ದಾರಿಗಳು ಇವು:

• ಟೆಲಿ-ಮಾನಸ್, ಸಂಖ್ಯೆ 14416. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಉಚಿತ ಸೇವೆ ಹಗಲೂ ರಾತ್ರಿ ಇದೆ, ಕನ್ನಡದಲ್ಲಿ ಮಾತಾಡಬಹುದು. ಗುಳೆ ಹೋದವರೂ ಇದ್ದಲ್ಲಿಂದಲೇ ಕರೆ ಮಾಡಬಹುದು.

• ತಾಲ್ಲೂಕು ಆಸ್ಪತ್ರೆ. ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬಂದು ನೋಡುವ ವ್ಯವಸ್ಥೆ ಮಾಡಲಾಗಿದೆ. ಬರುವ ದಿನವನ್ನು ಆಸ್ಪತ್ರೆಯಲ್ಲಿ ಇಲ್ಲವೇ ಆಶಾ ಕಾರ್ಯಕರ್ತೆಯರಲ್ಲಿ ಮೊದಲೇ ವಿಚಾರಿಸಿಕೊಳ್ಳಬೇಕು. ಈ ವ್ಯವಸ್ಥೆಯ ಬೇರು ಹತ್ತಿರದಲ್ಲೇ ಇದೆ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ತುಂಗಭದ್ರಾ ಹೊಳೆಯಾಚೆಯ ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ರಾಷ್ಟ್ರಮಟ್ಟದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು.

• ಗದಗದ ಜಿಮ್ಸ್ ಆಸ್ಪತ್ರೆ. ಮುಂಡರಗಿಯಿಂದ ಸುಮಾರು 40 ಕಿ.ಮೀ. ದೂರದ ಗದಗದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗದವರನ್ನು ಕಾಣಬಹುದು. ಹೆಚ್ಚಿನ ಚಿಕಿತ್ಸೆ ಬೇಕಾದರೆ ಧಾರವಾಡದ ಡಿಮ್ಹಾನ್ಸ್ ಇದೆ.

ಒಲ್ಲೆ ಎನ್ನುವ ಸಂಗಾತಿಯ ಮೌನದ ಹಿಂದೆ ಖಿನ್ನತೆಯೂ ಇರಬಹುದು. ಊಟ-ನಿದ್ದೆ ಕೆಟ್ಟು, ಕೆಲಸದಲ್ಲಿ ಆಸಕ್ತಿ ಹೋಗಿ, ಸಾಯುವ ಮಾತು ಬಂದರೆ ಅದನ್ನು ಸಂಸಾರದ ಜಗಳವೆಂದು ಬಿಡದೆ ಕೂಡಲೇ ವೈದ್ಯರಿಗೆ ತೋರಿಸಬೇಕು. ಬೆಳೆ ಹೋಗಿ ಸಾಲ ಏರಿದ ಮನೆಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚಿರಬೇಕು.

ಹೆಜ್ಜೆ 4: ಮನೆಯ ಮಾತಿನ ರೀತಿ ಬದಲಿಸುವುದು

ಒಬ್ಬರು ಬೆನ್ನುಹತ್ತಿ ಕೇಳುವುದು, ಇನ್ನೊಬ್ಬರು ಬಾಯಿ ಮುಚ್ಚಿ ಎದ್ದು ಹೋಗುವುದು ಬಹುಕಾಲದ ದಾಂಪತ್ಯಗಳಲ್ಲಿ ಎದ್ದು ಕಾಣುವ ಜಾಡು. ಆಂಡ್ರ್ಯೂ ಕ್ರಿಸ್ಟೆನ್ಸನ್ ಎಂಬ ಮನೋವಿಜ್ಞಾನಿ ಇದನ್ನು ವಿವರವಾಗಿ ಅಧ್ಯಯನ ಮಾಡಿದ್ದಾರೆ. ಕೇಳುವುದು ಹೆಚ್ಚಿದಷ್ಟೂ ಮೌನ ಹೆಚ್ಚುತ್ತದೆ, ಮೌನ ಹೆಚ್ಚಿದಷ್ಟೂ ಕೇಳುವುದು ಹೆಚ್ಚುತ್ತದೆ. ಇದನ್ನು ಮುರಿಯಲು ಇಬ್ಬರೂ ಬೇಕಿಲ್ಲ; ಒಬ್ಬರು ತಮ್ಮ ಭಾಗ ನಿಲ್ಲಿಸಿದರೆ ಸಾಕು.

ಇನ್ನೊಬ್ಬ ಸಂಶೋಧಕ ಜಾನ್ ಗಾಟ್‌ಮನ್ ದಾಂಪತ್ಯಕ್ಕೆ ಕೇಡು ತರುವ ನಾಲ್ಕು ನಡೆಗಳನ್ನು ಗುರುತಿಸಿದ್ದಾರೆ: ವ್ಯಕ್ತಿಯನ್ನೇ ದೂಷಿಸುವುದು, ತಿರಸ್ಕಾರ, ತನ್ನದೇ ಸರಿಯೆಂದು ಸಮರ್ಥಿಸಿಕೊಳ್ಳುವುದು, ಮಾತು ಬಿಡುವುದು. ಒಬ್ಬರೇ ರೂಢಿಸಿಕೊಳ್ಳಬಹುದಾದ ಬದಲಾವಣೆಗಳು ಹೀಗಿವೆ:

• ಒಂದು ಸಲಕ್ಕೆ ಒಂದೇ ವಿಷಯ. ಉಳ್ಳಾಗಡ್ಡಿ ಮಾರಿದ ರೊಕ್ಕದ ಲೆಕ್ಕ ಕೇಳುವಾಗ ಮದುವೆಯಲ್ಲಿ ಆದ ಅವಮಾನ ಎತ್ತಬಾರದು.

• ‘ಯಾವಾಗ್ಲೂ’, ‘ಎಂದೂ ಇಲ್ಲ’ ಎಂಬ ಮಾತುಗಳನ್ನು ಬಿಟ್ಟು, ಆದದ್ದನ್ನಷ್ಟೇ ಹೇಳುವುದು.

• ತವರುಮನೆ, ಅತ್ತೆಮನೆಯವರನ್ನು ಜಗಳಕ್ಕೆ ಎಳೆಯದಿರುವುದು. ತಿರಸ್ಕಾರ ಶುರುವಾಗುವುದು ಬಹುತೇಕ ಅಲ್ಲಿಂದ.

• ಸಿಟ್ಟು ನೆತ್ತಿಗೇರಿದಾಗ ಕನಿಷ್ಠ 20 ನಿಮಿಷ ಮಾತು ನಿಲ್ಲಿಸುವುದು. ‘ಈಗ ಬ್ಯಾಡ, ಊಟ ಆದ ಮ್ಯಾಲ ಮಾತಾಡೋಣು’ ಎಂದು ಹೇಳಿ ಏಳಬೇಕು, ಹೇಳಿದ ಹೊತ್ತಿಗೆ ಮರಳಿ ಬರಬೇಕು.

• ಸಂಗಾತಿ ಮಾಡಿದ ಒಳ್ಳೆಯ ಕೆಲಸವನ್ನು ಬಾಯಿಬಿಟ್ಟು ಹೇಳುವುದು. ಹಳೆಯ ಸಂಸಾರಗಳಲ್ಲಿ ಮೊದಲು ನಿಲ್ಲುವ ಮಾತು ಇದೇ.

ಫಲ ವಾರದಲ್ಲಿ ಕಾಣಲಿಕ್ಕಿಲ್ಲ. ಶುರುವಿನಲ್ಲಿ ಸಂಗಾತಿ ಅನುಮಾನಪಡುವುದೂ ಸಹಜ. ಕೆಲವು ತಿಂಗಳು ಬಿಡದೆ ನಡೆಸಬೇಕು.

ಹೆಜ್ಜೆ 5: ಕುಡಿತವಿದ್ದರೆ ಅದಕ್ಕೆ ಬೇರೆ ದಾರಿ

ಜಗಳದ ಮೂಲ ಕುಡಿತವಾಗಿದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಆಗಬೇಕು. ಚಿಕಿತ್ಸೆ ಒಲ್ಲೆ ಎನ್ನುವ ಕುಡುಕರ ಮನೆಯವರಿಗೆ ತರಬೇತಿ ಕೊಡುವ ‘ಕ್ರಾಫ್ಟ್’ ಎಂಬ ಕ್ರಮವನ್ನು ಅಮೆರಿಕದಲ್ಲಿ ರಾಬರ್ಟ್ ಮೇಯರ್ಸ್ ರೂಪಿಸಿದರು. ಕುಡಿಯದ ಹೊತ್ತಿನಲ್ಲಿ ಅಕ್ಕರೆಯಿಂದ ನಡೆದುಕೊಳ್ಳುವುದು, ಕುಡಿದಾಗ ಮಾತಿಗಿಳಿಯದೆ ದೂರ ಸರಿಯುವುದು, ಕುಡಿತದ ಪರಿಣಾಮಗಳನ್ನು ಮುಚ್ಚಿಹಾಕದಿರುವುದು, ಕುಡಿಯುವವರೇ ಬೇಸತ್ತು ಮಾತಾಡಿದ ಗಳಿಗೆಯಲ್ಲಿ ಚಿಕಿತ್ಸೆಯ ಮಾತು ಎತ್ತುವುದು ಇದರ ಮುಖ್ಯ ಅಂಶಗಳು. 1999ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಈ ಕ್ರಮ ಅನುಸರಿಸಿದ ಮನೆಗಳಲ್ಲಿ ಶೇ 64ರಷ್ಟು ಕುಡುಕರು ಚಿಕಿತ್ಸೆಗೆ ಬಂದರು. ಎಲ್ಲರೂ ಸೇರಿ ಎದುರಿಗೆ ಕೂರಿಸಿ ಒತ್ತಾಯಿಸುವ ಕ್ರಮದಲ್ಲಿ ಬಂದವರು ಶೇ 30 ಮಾತ್ರ. ಹಿರಿಯರನ್ನು ಕೂಡಿಸಿ ಛೀಮಾರಿ ಹಾಕಿಸುವವರು ಈ ಅಂತರವನ್ನು ಗಮನಿಸಬೇಕು.

ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ರಾಜ್ಯದ ಹಲವೆಡೆ ಮದ್ಯವರ್ಜನ ಶಿಬಿರ ನಡೆಸುತ್ತಾರೆ. ವ್ಯಸನಮುಕ್ತಿಗೆ 14446 ಸಹಾಯವಾಣಿಯೂ ಇದೆ. ದಿನವೂ ವಿಪರೀತ ಕುಡಿಯುವವರು ಒಮ್ಮೆಲೇ ಬಿಟ್ಟರೆ ನಡುಕ, ಫಿಟ್ಸ್ ಬಂದು ಜೀವಕ್ಕೆ ಅಪಾಯವಾಗಬಹುದು. ಬಿಡಿಸುವ ಮೊದಲು ವೈದ್ಯರಿಗೆ ತೋರಿಸಲೇಬೇಕು.

ಹೆಜ್ಜೆ 6: ಹಿರಿಯರಲ್ಲಿ ಒಬ್ಬರನ್ನು ಆರಿಸುವುದು

ಹಿರಿಯರ ನೆರವು ಬೇಡವೆಂದಲ್ಲ. ಹತ್ತು ಮಂದಿಯ ಕೂಟದ ಬದಲು ಸಂಗಾತಿ ಗೌರವಿಸುವ ಒಬ್ಬರನ್ನು ಮಾತ್ರ ಕೇಳಿಕೊಳ್ಳಬೇಕು. ಅದು ಸೋದರಮಾವ, ದೊಡ್ಡಪ್ಪ, ಹಳೆಯ ಗುರುಗಳು, ಮಠದ ಸ್ವಾಮಿಗಳು ಅಥವಾ ಗೆಳೆಯರು ಯಾರಾದರೂ ಆಗಬಹುದು. ಅವರು ತೀರ್ಪು ಕೊಡಬಾರದು, ಕೇಳಿದ್ದನ್ನು ಹೊರಗೆ ಹೇಳಬಾರದು. ಅವರಿಂದ ಬಯಸಬೇಕಾದದ್ದು ಒಂದೇ ಕೆಲಸ: ‘ಒಂದ್ ಸಲ ಹೋಗಿ ಬಾ, ತಪ್ಪೇನಿಲ್ಲ’ ಎಂದು ಧೈರ್ಯ ತುಂಬುವುದು. ಹೊಂದಿಕೊಂಡು ಹೋಗು ಎಂದು ಒಬ್ಬರಿಗಷ್ಟೇ ಬುದ್ಧಿ ಹೇಳುವ ಹಿರಿಯರು ಈ ಕೆಲಸಕ್ಕೆ ತಕ್ಕವರಲ್ಲ.

ಹೆಜ್ಜೆ 7: ಸ್ವಂತ ಬದುಕನ್ನೂ ಮಕ್ಕಳನ್ನೂ ಕಾಯುವುದು

ಸಂಗಾತಿ ಬದಲಾಗುವವರೆಗೆ ಬದುಕು ನಿಲ್ಲಬಾರದು. ಊಟ, ನಿದ್ದೆ, ದುಡಿಮೆ, ಒಡಹುಟ್ಟಿದವರ ಒಡನಾಟ ಕೈಬಿಡಬಾರದು. ಸ್ತ್ರೀಶಕ್ತಿ ಸ್ವಸಹಾಯ ಗುಂಪಿನ ಉಳಿತಾಯ, ತನ್ನ ಹೆಸರಿನ ಬ್ಯಾಂಕ್ ಖಾತೆ, ಆಧಾರ್, ಪಡಿತರ ಚೀಟಿ, ಹೊಲ-ಮನೆಯ ಕಾಗದಗಳ ನಕಲು ಕೈಯಲ್ಲಿದ್ದರೆ ಅಂಜಿಕೆಯಿಂದ ನಿರ್ಧಾರ ಮಾಡುವ ಪ್ರಮೇಯ ಬರುವುದಿಲ್ಲ. ಮಕ್ಕಳ ಬಾಯಿಂದ ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸುವುದು, ಯಾರ ಪರ ಎಂದು ಕೇಳುವುದು ಸಲ್ಲದು. ಜಗಳಕ್ಕೆ ಅವರು ಕಾರಣವಲ್ಲ ಎಂಬುದನ್ನು ಬಾಯಿಬಿಟ್ಟು ಹೇಳಬೇಕು.

ಹೆಜ್ಜೆ 8: ಅವಧಿ ಇಟ್ಟುಕೊಂಡು ತೀರ್ಮಾನಕ್ಕೆ ಬರುವುದು

ಆರು ತಿಂಗಳೋ ಒಂದು ವರ್ಷವೋ, ಮನಸ್ಸಿನಲ್ಲಿ ಒಂದು ಅವಧಿ ಇಟ್ಟುಕೊಳ್ಳಬೇಕು. ಅದು ಮುಗಿದಾಗ ಜಗಳ ಕಡಿಮೆಯಾಗಿದೆಯೇ, ಗೌರವ ಮರಳಿದೆಯೇ, ಇದ್ದಂತೆಯೇ ಇದ್ದರೂ ಬಾಳಬಹುದೇ ಎಂದು ನೋಡಬೇಕು. ಸುಧಾರಿಸಿದ್ದರೆ ಅದೇ ದಾರಿಯಲ್ಲಿ ಮುಂದುವರಿಯಬಹುದು. ಬದಲಾವಣೆ ಇಲ್ಲದಿದ್ದರೂ ಜೊತೆಗಿರಲು ನಿರ್ಧರಿಸಿದರೆ, ಯಾವುದನ್ನು ಸಹಿಸಬಹುದು, ಯಾವುದನ್ನು ಸಹಿಸಲಾಗದು ಎಂಬುದನ್ನು ಸಂಗಾತಿಗೆ ತಿಳಿಸಬೇಕು.

ಮೂರನೆಯ ದಾರಿ ಕಾನೂನಿನದು. ಮುಂಡರಗಿ ನ್ಯಾಯಾಲಯದ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಸಲಹೆ ಪಡೆಯಬಹುದು. 15100 ಸಹಾಯವಾಣಿಗೂ ಕರೆ ಮಾಡಬಹುದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ನೆರವು ಉಚಿತ. ಇನ್ನೂ ಕೆಲವು ವರ್ಗಗಳನ್ನು ಬಿಟ್ಟರೆ ಉಳಿದವರಿಗೆ ಆದಾಯ ಮಿತಿಯಿದೆ. ಮೊಕದ್ದಮೆ ಹೂಡುವ ಮೊದಲೇ ಮಧ್ಯಸ್ಥಿಕೆಗೆ ಕೋರಬಹುದು. ಮನೆಯಲ್ಲಿ ಒಪ್ಪದ ಸಂಗಾತಿ ಸಮಿತಿಯ ನೋಟಿಸ್ ಬಂದ ಮೇಲೆ ಮಧ್ಯಸ್ಥರ ಮುಂದೆ ಬಂದು ಕೂರುವುದುಂಟು; ರಾಜ್ಯದ ಲೋಕ ಅದಾಲತ್‌ಗಳಲ್ಲಿ ವಿಚ್ಛೇದನ ಬಯಸಿ ಬಂದ ಜೋಡಿಗಳು ಮತ್ತೆ ಒಂದಾಗಿ ಮರಳಿದ ಉದಾಹರಣೆಗಳೂ ಇವೆ. 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆಯೂ ರಾಜಿಗೆ ಮೊದಲು ಯತ್ನಿಸುವ ಹೊಣೆಯನ್ನು ನ್ಯಾಯಾಲಯಕ್ಕೇ ವಹಿಸಿದೆ.

ರಾಜಿ ಆಗದೆ ಇಬ್ಬರೂ ಬೇರ್ಪಡಲು ಒಪ್ಪಿದರೆ, 1955ರ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಡಿ ಒಂದು ವರ್ಷ ಪ್ರತ್ಯೇಕವಾಗಿ ಬಾಳಿದ ನಂತರ ಜಂಟಿ ಅರ್ಜಿ ಹಾಕಬಹುದು. ಆಮೇಲಿನ ಆರು ತಿಂಗಳ ಕಾಯುವಿಕೆಯನ್ನು ತಕ್ಕ ಪ್ರಕರಣಗಳಲ್ಲಿ ನ್ಯಾಯಾಲಯ ಮನ್ನಾ ಮಾಡಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬೇರೆ ಧರ್ಮದವರಿಗೆ ಅವರವರ ವಿವಾಹ ಕಾನೂನು ಅನ್ವಯಿಸುತ್ತದೆ. ಜೀವನಾಂಶ, ಮಕ್ಕಳ ಪಾಲನೆ, ಆಸ್ತಿಯ ವಿಚಾರಗಳನ್ನು ವಕೀಲರೊಂದಿಗೆ ಚರ್ಚಿಸಿ ತಿಳಿದುಕೊಳ್ಳುವವರೆಗೆ ಯಾವುದೇ ಕಾಗದಕ್ಕೆ ಸಹಿ ಹಾಕಬಾರದು.