ಸುಂಟರಗಾಳಿಗೆ ಮೊದಲು ಬಿಡೋದು ಜಾಯಿಂಟು

ಸುಂಟರಗಾಳಿ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಹಾಲಿವುಡ್ ಸಿನಿಮಾದಲ್ಲಿ ಹಾರುವ ಹಸು. ಅದನ್ನು ಸ್ವಲ್ಪ ಪಕ್ಕಕ್ಕಿಟ್ಟು ಒಂದು ಸಣ್ಣ ಲೆಕ್ಕ ಮಾಡೋಣ.

ಗಾಳಿಯ ಒತ್ತಡಕ್ಕೆ ನಮ್ಮ ಐಎಸ್ 875 ಕೋಡ್ ಕೊಡುವ ಸೂತ್ರ ಸುಲಭ: ಒತ್ತಡ = 0.6 × ವೇಗದ ವರ್ಗ. ಬೆಂಗಳೂರಿಗೆ ಈ ಕೋಡ್ ಹೇಳುವ ಮೂಲ ವೇಗ ಸೆಕೆಂಡಿಗೆ 33 ಮೀಟರ್. ಲೆಕ್ಕ ಹಾಕಿದರೆ ಪ್ರತಿ ಚದರ ಮೀಟರಿಗೆ ಸುಮಾರು 650 ನ್ಯೂಟನ್, ಅಂದ್ರೆ 66 ಕೆಜಿ ತೂಕ ಒತ್ತಿದ ಹಾಗೆ. ಈಗ ವೇಗ 90 ಮೀಟರ್ ಅಂತ ಇಟ್ಕೊಳ್ಳಿ. ಒತ್ತಡ 4,860 ನ್ಯೂಟನ್, ಹತ್ತಿರ ಹತ್ತಿರ ಅರ್ಧ ಟನ್! ವೇಗ ಮೂರು ಪಟ್ಟೂ ಆಗಿಲ್ಲ, ಒತ್ತಡ ಏಳು ಪಟ್ಟು ದಾಟಿತು.

ಈ 90 ಮೀಟರ್ ಬರೀ ಪುಸ್ತಕದ ಲೆಕ್ಕವಲ್ಲ. ಅಮೆರಿಕದ ಒಕ್ಲಹೋಮ ರಾಜ್ಯದ ಮೂರ್ ಎಂಬ ಊರಿಗೆ 1999ರಲ್ಲಿ, ಮತ್ತೆ 2013ರ ಮೇ 20ರಂದು, ಇಎಫ್ ಅಳತೆಯ ತುತ್ತತುದಿಯ ದರ್ಜೆಗೆ ಸಮನಾದ ಸುಂಟರಗಾಳಿಗಳು ಬಡಿದವು. 2013ರಲ್ಲಿ ಸತ್ತವರು 24 ಜನ. ಸುಂಟರಗಾಳಿ ನೆಲ ಮುಟ್ಟುವ 16 ನಿಮಿಷ ಮೊದಲೇ ಎಚ್ಚರಿಕೆ ಬಂದಿತ್ತು. ಆದರೂ ಪ್ಲಾಜಾ ಟವರ್ಸ್ ಪ್ರಾಥಮಿಕ ಶಾಲೆಯಲ್ಲಿ 7 ಮಕ್ಕಳು ಜೀವ ಕಳೆದುಕೊಂಡರು. ಎಚ್ಚರಿಕೆ ಇತ್ತು, ಓಡಿಹೋಗಿ ಸೇರಿಕೊಳ್ಳಲು ಭದ್ರವಾದ ಕೋಣೆ ಇರಲಿಲ್ಲ.

ಹಾಗಾದರೆ ಮನೆ ಹೇಗೆ ಬೀಳುತ್ತೆ? ಅಲ್ಲಿನ ಮನೆಗಳು ಹೆಚ್ಚಾಗಿ ಮರದ ಚೌಕಟ್ಟಿನವು. ಅನೇಕ ಸಲ ಮೊದಲು ಒಳಕ್ಕೆ ಮುರಿಯೋದು ಗ್ಯಾರೇಜಿನ ಅಗಲವಾದ ಬಾಗಿಲು. ಒಳಗೆ ನುಗ್ಗಿದ ಗಾಳಿ ಛಾವಣಿಯನ್ನು ಕೆಳಗಿಂದ ತಳ್ಳುತ್ತೆ, ಮೇಲೆ ಹರಿಯುವ ಗಾಳಿ ಅದನ್ನೇ ಎಳೆಯುತ್ತೆ. ತೊಲೆಯನ್ನು ಗೋಡೆಗೆ ಹಿಡಿದಿರೋದು ನಾಲ್ಕಾರು ಮೊಳೆ ಮಾತ್ರ. ಅವು ಕಿತ್ತು ಬರುತ್ತವೆ. ಛಾವಣಿ ಹೋದ ಮೇಲೆ ಗೋಡೆಗೆ ಮೇಲುಗಡೆ ಆಸರೆಯೇ ಇಲ್ಲ. ಅದೂ ಬೀಳುತ್ತೆ. ಕಿಟಕಿ ತೆರೆದಿಟ್ಟರೆ ಒತ್ತಡ ಸಮ ಆಗುತ್ತೆ ಅನ್ನೋ ಹಳೇ ಸಲಹೆ ಎಷ್ಟು ತಪ್ಪು ಅಂತ ಈಗ ಗೊತ್ತಾಯ್ತಲ್ಲ? ಗಾಳಿಗೆ ನಾವೇ ಬಾಗಿಲು ತೆಗೆದ ಹಾಗೆ.

2014ರಲ್ಲಿ ಮೂರ್ ತನ್ನ ಕಟ್ಟಡ ನಿಯಮ ಬದಲಿಸಿತು. ಹೊಸ ಮನೆಗಳು ಗಂಟೆಗೆ 217 ಕಿ.ಮೀ. ಗಾಳಿ, ಅಂದ್ರೆ ಸೆಕೆಂಡಿಗೆ 60 ಮೀಟರ್, ತಡೆಯಬೇಕು. ಅದಕ್ಕೆ ತೊಲೆ ಮತ್ತು ಗೋಡೆ ಸೇರುವಲ್ಲಿ ಲೋಹದ ಕ್ಲಿಪ್ಪು, ಗಾಳಿ ತಡೆಯುವ ಗ್ಯಾರೇಜ್ ಬಾಗಿಲು, ಛಾವಣಿಯಿಂದ ಪಾಯದವರೆಗೆ ಎಲ್ಲೂ ಕಡಿಯದ ಲೋಡ್ ಪಾತ್.

90 ಮೀಟರಿನ ಗಾಳಿಗೆ 60 ಮೀಟರಿನ ನಿಯಮ ಯಾಕೆ ಅಂತ ನಾವೂ ಮೊದಲು ತಲೆ ಕೆರೆದುಕೊಂಡೆವು. ಉತ್ತರ ಸರಳ. ದೊಡ್ಡ ಸುಂಟರಗಾಳಿಯಲ್ಲೂ ಅಷ್ಟು ವೇಗ ಇರೋದು ಕಿರಿದಾದ ಪಟ್ಟಿಯಲ್ಲಿ ಮಾತ್ರ. ಅದರ ಅಕ್ಕಪಕ್ಕ ಹಾನಿಯಾಗುವ ಮನೆಗಳೇ ಹೆಚ್ಚು, ಅವನ್ನು ಒಂದು ಕ್ಲಿಪ್ಪು ಉಳಿಸಬಹುದು. ನಡುವೆ ಸಿಕ್ಕವರ ಮನೆ ಉಳಿಯಲ್ಲ, ಜೀವ ಉಳಿಯಬೇಕು. ಅದಕ್ಕೆ ನೆಲದೊಳಗಿನ ಉಕ್ಕಿನ ಪೆಟ್ಟಿಗೆ ಅಥವಾ ಕಾಂಕ್ರೀಟಿನ ಸುರಕ್ಷಾ ಕೋಣೆ ಬೇಕು. ಮತ್ತೆ ಕಟ್ಟಿದ ಪ್ಲಾಜಾ ಟವರ್ಸ್ ಶಾಲೆಯಲ್ಲಿ ಈಗ ಅಂಥ ಕೋಣೆ ಇದೆ.

ಮುಂದಿನ ಸಲ ಸ್ಟ್ರಕ್ಚರ್ ಡ್ರಾಯಿಂಗ್ ಮಾಡುವಾಗ ಗೋಡೆ, ತೊಲೆ ಎಲ್ಲ ಮುಗಿಸಿ ಜಾಯಿಂಟನ್ನು ಕೊನೇ ಐದು ನಿಮಿಷಕ್ಕೆ ಬಿಡೋದು ಬೇಡ. ಗಾಳಿ ಹುಡುಕೋದು ಅದನ್ನೇ.