ಪ್ಯಾನ್-ಆಫ್ರಿಕನ್ ಚಳವಳಿ: ನೆನಪಿಡಬೇಕಾದ ನಾಯಕರು

ಪ್ಯಾನ್-ಆಫ್ರಿಕನ್ ಚಳವಳಿಯ ಮೊದಲ ಸಮ್ಮೇಳನ ನಡೆದದ್ದು 1900ರಲ್ಲಿ, ಲಂಡನ್‌ನಲ್ಲಿ. ಕರೆದವರು ಟ್ರಿನಿಡಾಡ್‌ನ ವಕೀಲ ಹೆನ್ರಿ ಸಿಲ್ವೆಸ್ಟರ್ ವಿಲಿಯಮ್ಸ್. ಡಬ್ಲ್ಯು.ಇ.ಬಿ. ಡು ಬಾಯ್ಸ್ 1919ರಲ್ಲಿ ಪ್ಯಾರಿಸ್‌ನಲ್ಲಿ ಸಂಘಟಿಸಿದ ಮೊದಲ ಪ್ಯಾನ್-ಆಫ್ರಿಕನ್ ಕಾಂಗ್ರೆಸ್ ಬೇರೆ, ಎರಡನ್ನೂ ಬೆರೆಸಬೇಡಿ. ಜಮೈಕಾದ ಮಾರ್ಕಸ್ ಗಾರ್ವೆ 1914ರಲ್ಲಿ ಯೂನಿವರ್ಸಲ್ ನೀಗ್ರೋ ಇಂಪ್ರೂವ್‌ಮೆಂಟ್ ಅಸೋಸಿಯೇಷನ್ (ಯುಎನ್‌ಐಎ) ಸ್ಥಾಪಿಸಿದರು.

ಹೆಚ್ಚು ಗಮನ ಕೊಡಬೇಕಾದದ್ದು 1945ರ ಅಕ್ಟೋಬರ್‌ನ ಮ್ಯಾಂಚೆಸ್ಟರ್ ಕಾಂಗ್ರೆಸ್‌ಗೆ. ಅಲ್ಲಿನ ಚಾರ್ಲ್ಟನ್-ಆನ್-ಮೆಡ್ಲಾಕ್ ಟೌನ್ ಹಾಲ್‌ನಲ್ಲಿ ಜಾರ್ಜ್ ಪ್ಯಾಡ್‌ಮೋರ್, ಕ್ವಾಮೆ ಎನ್‌ಕ್ರುಮಾ, ಜೋಮೊ ಕೆನ್ಯಾಟಾ ಒಟ್ಟಿಗೆ ಸೇರಿದ್ದರು. ವಸಾಹತುಗಳಿಗೆ ಸ್ವಾತಂತ್ರ್ಯ ಬೇಕೆಂಬ ಬೇಡಿಕೆ ಅಲ್ಲಿ ನೇರವಾಗಿ ಮೊಳಗಿತು. ಮೊದಲ ಅಧಿವೇಶನದ ಅಧ್ಯಕ್ಷತೆ ವಹಿಸಿದ್ದು ಆಮಿ ಆಶ್‌ವುಡ್ ಗಾರ್ವೆ. ಈ ಹೆಸರನ್ನು ಬಿಟ್ಟು ಓದುವುದು ಅನ್ಯಾಯ.

1957ರ ಮಾರ್ಚ್ 6ರಂದು ಎನ್‌ಕ್ರುಮಾ ನಾಯಕತ್ವದಲ್ಲಿ ಘಾನಾ ಸ್ವತಂತ್ರವಾಯಿತು. ಆಫ್ರಿಕನ್ ಏಕತಾ ಸಂಘಟನೆ ಅಡಿಸ್ ಅಬಾಬಾದಲ್ಲಿ ಸ್ಥಾಪನೆಯಾದದ್ದು 1963ರ ಮೇ 25ರಂದು. ಆ ದಿನವೇ ಈಗ ಆಫ್ರಿಕಾ ದಿನ.