ಕಾರ್ಖಾನೆಯ ಅಪಘಾತಗಳು ಮತ್ತು ಕೈಬೆರಳುಗಳ ರಕ್ಷಣೆ

ಪುಣೆಗೆ ಪೇಶ್ವೆಯರ ಊರು, ವಿದ್ಯಾಸಂಸ್ಥೆಗಳ ಊರು ಎಂಬ ಖ್ಯಾತಿ ಹಳೆಯದು. ಯಂತ್ರಗಳ ಊರೆಂಬ ಖ್ಯಾತಿ ಬಂದದ್ದು ಸ್ವಾತಂತ್ರ್ಯದ ಆಸುಪಾಸಿನಲ್ಲಿ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನದವರು 1946ರಲ್ಲಿ ಖಡಕಿಯಲ್ಲಿ ಆಯಿಲ್ ಎಂಜಿನ್ ಕಾರ್ಖಾನೆಯನ್ನು ಆರಂಭಿಸಿದರು. 1954ರಲ್ಲಿ ಪಿಂಪ್ರಿಯಲ್ಲಿ ಹಿಂದುಸ್ತಾನ್ ಆಂಟಿಬಯಾಟಿಕ್ಸ್ ಸ್ಥಾಪನೆಯಾಯಿತು. 1962ರಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮವು ಹುಟ್ಟಿದ ಮೇಲಂತೂ ಚಿಂಚವಡ, ಭೋಸರಿ, ಮುಂದೆ ಚಾಕಣದವರೆಗೂ ಕಾರ್ಖಾನೆಗಳು ಹಬ್ಬಿದವು. ಈ ಬೆಳವಣಿಗೆಯಲ್ಲಿ ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯಿಂದ ಬಂದ ಕನ್ನಡಿಗರ ದುಡಿಮೆಯೂ ಸೇರಿದೆ.

ದೊಡ್ಡ ಅನಾಹುತಗಳು ಪತ್ರಿಕೆಯಲ್ಲಿ ಅಚ್ಚಾಗುತ್ತವೆ. 2021ರ ಜೂನ್ 7ರಂದು ಪಿರಂಗುಟ್ ಸಮೀಪದ ರಾಸಾಯನಿಕ ಕಾರ್ಖಾನೆಯೊಂದರಲ್ಲಿ, 2023ರ ಡಿಸೆಂಬರ್ 8ರಂದು ತಳವಡೆಯಲ್ಲಿ ಕಿಡಿ ಸೂಸುವ ಮೇಣದ ಬತ್ತಿಗಳನ್ನು ಮಾಡುವ ಘಟಕದಲ್ಲಿ ಬೆಂಕಿ ಹೊತ್ತಿದಾಗ ಪ್ರಾಣ ಕಳೆದುಕೊಂಡವರಲ್ಲಿ ಹೆಚ್ಚಿನವರು ಹೆಂಗಸರು. ಆದರೆ ಕೈಗಾರಿಕಾ ಪ್ರದೇಶದಲ್ಲಿ ಪದೇ ಪದೇ ನಡೆಯುವ ಅಪಘಾತದ ಸ್ವರೂಪ ಬೇರೆ. ಅದು ಒಂದು ಬೆರಳು, ಎರಡು ಬೆರಳು, ಕೆಲವೊಮ್ಮೆ ಅರ್ಧ ಅಂಗೈ. ಇದು ಯಾವ ಪತ್ರಿಕೆಯಲ್ಲಿಯೂ ಬರುವುದಿಲ್ಲ.

ಮೋಟಾರು ವಾಹನದ ಸಾವಿರಾರು ಬಿಡಿಭಾಗಗಳು ದೊಡ್ಡ ಕಾರ್ಖಾನೆಯಲ್ಲಿ ತಯಾರಾಗುವುದಿಲ್ಲ. ಸುತ್ತಲಿನ ಸಣ್ಣ ಶೆಡ್ಡುಗಳಲ್ಲಿ ತಯಾರಾಗಿ ಅಲ್ಲಿಗೆ ಹೋಗುತ್ತವೆ. ತಗಡನ್ನು ಕತ್ತರಿಸುವ, ಬಾಗಿಸುವ, ತೂತು ಹೊಡೆಯುವ ಪವರ್ ಪ್ರೆಸ್ ಇಂತಹ ಶೆಡ್ಡಿನ ಮುಖ್ಯ ಯಂತ್ರ. ಹಳೆಯ ಮಾದರಿಯ ಪ್ರೆಸ್ಸಿನಲ್ಲಿ ಭಾರವಾದ ಗಾಲಿಯೊಂದು ಸದಾ ತಿರುಗುತ್ತಿರುತ್ತದೆ. ಕಾಲಿನಿಂದ ಪೆಡಲನ್ನು ಒತ್ತಿದೊಡನೆ ಒಂದು ಉಕ್ಕಿನ ಕೀಲಿಯು ಆ ಗಾಲಿಗೆ ಸಿಕ್ಕಿಕೊಂಡು, ಮೇಲಿನ ಅಚ್ಚು ಕೆಳಗಿನ ಅಚ್ಚಿನ ಮೇಲೆ ಬಂದು ಬೀಳುತ್ತದೆ. ಒಮ್ಮೆ ಕೀಲಿ ಸಿಕ್ಕಿಕೊಂಡ ಮೇಲೆ ಹೊಡೆತ ಪೂರ್ಣವಾಗಲೇಬೇಕು. ನಡುವೆ ನಿಲ್ಲಿಸುವ ಉಪಾಯವಿಲ್ಲ. ಅದಕ್ಕಿಂತ ಕೆಟ್ಟದೆಂದರೆ, ಕೀಲಿಯೋ ಅದರ ಸ್ಪ್ರಿಂಗೋ ಸವೆದಿದ್ದರೆ ಪೆಡಲನ್ನು ಒತ್ತದೆಯೇ ಎರಡನೆಯ ಹೊಡೆತ ಬೀಳುವುದುಂಟು. ಆ ಕ್ಷಣದಲ್ಲಿ ಕೆಲಸಗಾರನ ಕೈ ತಯಾರಾದ ತುಂಡನ್ನು ತೆಗೆಯಲು ಒಳಗೇ ಇರುತ್ತದೆ. ಇಂತಹ ಅಪಘಾತಕ್ಕೆ ‘ಕೆಲಸಗಾರನ ಅಜಾಗರೂಕತೆ’ ಎಂದು ಷರಾ ಬರೆಯುವುದು ಸುಲಭ. ಸವೆದ ಸ್ಪ್ರಿಂಗಿನ ಸುದ್ದಿಯನ್ನು ಯಾರೂ ಎತ್ತುವುದಿಲ್ಲ.

ಎರಡೂ ಕೈಗಳಿಂದ ಏಕಕಾಲಕ್ಕೆ ಗುಂಡಿ ಒತ್ತಿದರೆ ಮಾತ್ರ ಚಲಿಸುವ ವ್ಯವಸ್ಥೆ, ಬೆಳಕಿನ ಕಿರಣಗಳ ನಡುವೆ ಕೈ ಬಂದೊಡನೆ ಯಂತ್ರವನ್ನು ನಿಲ್ಲಿಸುವ ಪರದೆ, ಇವು ಈಗ ಬಳಕೆಯಲ್ಲಿವೆ. ಆದರೆ ಬೆಳಕಿನ ಪರದೆಯನ್ನು ಹಳೆಯ ಕೀಲಿ ಪ್ರೆಸ್ಸಿಗೆ ಜೋಡಿಸಿದರೆ ಪ್ರಯೋಜನವಿಲ್ಲ. ಕೈ ಬಂದಿರುವುದು ಪರದೆಗೆ ತಿಳಿಯುತ್ತದೆ, ಯಂತ್ರಕ್ಕೆ ನಿಲ್ಲಲು ಬಾರದು. ಅಂತಹ ಯಂತ್ರಕ್ಕೆ ಬೆರಳು ಒಳಗೆ ಹೋಗಲಾರದ ಗಟ್ಟಿಯಾದ ಜಾಲರಿ, ತುಂಡನ್ನು ಇಡಲು ಮತ್ತು ತೆಗೆಯಲು ಚಿಮಟ ಅಥವಾ ಅಯಸ್ಕಾಂತದ ಕೋಲು, ಇವೇ ಸರಿಯಾದ ರಕ್ಷಣೆ. ತುಂಡಿನ ಲೆಕ್ಕದಲ್ಲಿ ಕೂಲಿ ಕೊಡುವ ಕಡೆ ಜಾಲರಿಯನ್ನು ಬಿಚ್ಚಿಡುವುದು, ಎರಡು ಗುಂಡಿಗಳಲ್ಲಿ ಒಂದಕ್ಕೆ ಪಟ್ಟಿ ಸುತ್ತಿ ಒತ್ತಿದಂತೆಯೇ ಇಡುವುದು ಕಾಣಬರುತ್ತದೆ. ಹನ್ನೆರಡು ಗಂಟೆಯ ಪಾಳಿಯ ಕೊನೆಯಲ್ಲಿ ಕಾಲು ಒಂದು ಲಯಕ್ಕೆ, ಕೈ ಇನ್ನೊಂದು ಲಯಕ್ಕೆ ಒಳಗಾದಾಗ ಆ ಪಟ್ಟಿಯ ಬೆಲೆ ಗೊತ್ತಾಗುತ್ತದೆ.

ಬೆರಳು ತುಂಡಾದಾಗ ಮೊದಲ ಹತ್ತು ನಿಮಿಷ ಸುತ್ತಲಿನವರು ಮಾಡುವ ಕೆಲಸದ ಮೇಲೆ ಮುಂದಿನದೆಲ್ಲ ನಿಂತಿದೆ. ಯಂತ್ರವನ್ನು ಆರಿಸಿ, ಗಾಯದ ಮೇಲೆ ಶುಭ್ರವಾದ ಬಟ್ಟೆಯನ್ನು ಒತ್ತಿ ಹಿಡಿದು ಕೈಯನ್ನು ಎತ್ತರದಲ್ಲಿ ಇಡಬೇಕು. ಸಾಮಾನ್ಯವಾಗಿ ರಕ್ತ ಇದರಿಂದಲೇ ಹಿಡಿತಕ್ಕೆ ಬರುತ್ತದೆ. ಅರಿಸಿನ, ಕಾಫಿಪುಡಿ, ಸುಣ್ಣ, ಗ್ರೀಸು ಯಾವುದನ್ನೂ ಮೆತ್ತಬಾರದು. ತುಂಡಾದ ಬೆರಳನ್ನು ಹುಡುಕಿ, ಸ್ವಚ್ಛ ನೀರಿನಲ್ಲಿ ಹಗುರವಾಗಿ ತೊಳೆದು, ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಬೇಕು. ಆ ಚೀಲವನ್ನು ಮಂಜುಗಡ್ಡೆ ಬೆರೆತ ನೀರಿನಲ್ಲಿ ಇಡಬೇಕು. ಬೆರಳನ್ನು ನೇರವಾಗಿ ಮಂಜುಗಡ್ಡೆಯ ಮೇಲೆ ಇಡುವುದು ಒಳ್ಳೆಯ ಉದ್ದೇಶದಿಂದ ಆಗುವ ದೊಡ್ಡ ತಪ್ಪು. ಶೀತದಿಂದ ಜೀವಕೋಶಗಳು ಒಡೆದು ಬೆರಳು ಜೋಡಣೆಗೆ ಬಾರದಂತಾಗುತ್ತದೆ. ಸರಿಯಾಗಿ ತಂಪಾಗಿಟ್ಟ ಬೆರಳನ್ನು ಹಲವು ಗಂಟೆಗಳ ನಂತರವೂ ಜೋಡಿಸಬಹುದು. ಮಾಂಸಖಂಡ ಹೆಚ್ಚಿರುವ ಮುಂಗೈ ತುಂಡಾಗಿದ್ದರೆ ಸುಮಾರು ಆರು ಗಂಟೆಗಳ ಒಳಗೇ ಶಸ್ತ್ರಕ್ರಿಯೆ ಆಗಬೇಕು. ಸೂಕ್ಷ್ಮ ಶಸ್ತ್ರಕ್ರಿಯೆಯ ಸೌಲಭ್ಯವಿರುವ ಆಸ್ಪತ್ರೆ ಯಾವುದೆಂದು ಅಪಘಾತವಾದ ಮೇಲೆ ವಿಚಾರಿಸುವುದಕ್ಕಿಂತ ಮೊದಲೇ ಗೋಡೆಯ ಮೇಲೆ ಬರೆದಿಡುವುದು ಲೇಸು.

ಇನ್ನೊಂದು ಗಾಯವು ನೋಡುವುದಕ್ಕೆ ಏನೂ ಅಲ್ಲ. ಗ್ರೀಸ್ ಗನ್ನಿನ ಅಥವಾ ಹೈಡ್ರಾಲಿಕ್ ಕೊಳವೆಯ ಸೂಕ್ಷ್ಮ ರಂಧ್ರದಿಂದ ಚಿಮ್ಮಿದ ಎಣ್ಣೆ ಬೆರಳಿನ ತುದಿಯನ್ನು ಸೂಜಿ ಚುಚ್ಚಿದಂತೆ ಹೊಕ್ಕಿರುತ್ತದೆ. ನೋವು ಅಲ್ಪ, ರಕ್ತ ಒಂದು ಹನಿ. ಕೆಲಸಗಾರ ಕೈ ಒರೆಸಿಕೊಂಡು ಪಾಳಿ ಮುಗಿಸುತ್ತಾನೆ. ಒಳಗೆ ಎಣ್ಣೆಯು ಸ್ನಾಯುರಜ್ಜುವಿನ ಹಾದಿ ಹಿಡಿದು ಅಂಗೈವರೆಗೆ ಹರಡಿ, ರಾತ್ರಿಯ ವೇಳೆಗೆ ಬೆರಳು ಊದಿ ಬಿಳಿಚುತ್ತದೆ. ಇದು ತುರ್ತು ಶಸ್ತ್ರಕ್ರಿಯೆಯ ವಿಷಯ. ತಡವಾದರೆ ಬೆರಳನ್ನೇ ತೆಗೆಯಬೇಕಾಗಿ ಬರುತ್ತದೆ. ಧನುರ್ವಾಯುವಿನ ಚುಚ್ಚುಮದ್ದು ಕೊಟ್ಟು ಮನೆಗೆ ಕಳುಹಿಸುವ ಗಾಯ ಇದಲ್ಲ.

ಕೈಚೀಲ ಧರಿಸಿದರೆ ಕೈ ಸುರಕ್ಷಿತ ಎಂಬ ನಂಬಿಕೆಯೂ ಎಲ್ಲ ಕಡೆ ಸಲ್ಲದು. ತಗಡು ಹೊರುವಾಗ ಅದು ಬೇಕು. ಲೇತು ಮತ್ತು ಡ್ರಿಲ್ಲಿನ ಮುಂದೆ ಅದೇ ಕೈಚೀಲ ತಿರುಗುವ ಭಾಗಕ್ಕೆ ಸಿಕ್ಕಿ ಕೈಯನ್ನು ಎಳೆದುಕೊಳ್ಳುತ್ತದೆ. ಉಂಗುರ, ಸೆರಗು, ಓಢಣಿ, ಬಿಚ್ಚಿದ ತೋಳಿನ ಅಂಗಿ, ಜಡೆ ಇವುಗಳಿಗೂ ಇದೇ ಮಾತು.

ಕಣ್ಣಿನ ವಿಷಯದಲ್ಲಿ ಎರಡು ಮಾತು. ಗ್ರೈಂಡರಿನ ಕಿಡಿ ಬಿದ್ದ ಕಣ್ಣನ್ನು ಉಜ್ಜಬಾರದು, ಪಕ್ಕದವನ ಕರವಸ್ತ್ರದ ತುದಿಯಿಂದ ತೆಗೆಸಿಕೊಳ್ಳಲೂಬಾರದು. ಉಳಿದ ಕಬ್ಬಿಣದ ಕಣ ಕಾರ್ನಿಯಾದಲ್ಲಿ ತುಕ್ಕು ಹಿಡಿಯುತ್ತದೆ. ಆಮ್ಲ ಅಥವಾ ಕ್ಷಾರ ಸಿಡಿದರೆ ಮಾತ್ರ ವೈದ್ಯರನ್ನು ಕಾಯದೆ, ನಿಂತ ಜಾಗದಲ್ಲೇ ರೆಪ್ಪೆಗಳನ್ನು ಬಿಡಿಸಿ ಹಿಡಿದು ಕನಿಷ್ಠ ಇಪ್ಪತ್ತು ನಿಮಿಷ ಹರಿಯುವ ನೀರಿನಲ್ಲಿ ತೊಳೆಯಬೇಕು. ಆಮ್ಲಕ್ಕಿಂತ ಕ್ಷಾರ ಹೆಚ್ಚು ಆಳಕ್ಕೆ ಇಳಿಯುತ್ತದೆ. ಸುಟ್ಟ ಗಾಯಕ್ಕೂ ತಣ್ಣೀರಿನ ಇಪ್ಪತ್ತು ನಿಮಿಷವೇ ಮೊದಲ ಔಷಧ.

ಗಾಯವಾದ ಮೇಲಿನ ಲೆಕ್ಕಾಚಾರವನ್ನೂ ಕೆಲಸಗಾರನ ಮನೆಯವರು ತಿಳಿದಿರಬೇಕು. ಕಾರ್ಮಿಕ ಪರಿಹಾರದ ಪಟ್ಟಿಯ ಪ್ರಕಾರ ಹೆಬ್ಬೆರಳು ಪೂರ್ಣ ಹೋದರೆ ಗಳಿಕೆಯ ಶಕ್ತಿಯಲ್ಲಿ ನೂರಕ್ಕೆ 30 ಭಾಗ ನಷ್ಟವೆಂದು, ತೋರುಬೆರಳಿಗೆ 14, ನಡುಬೆರಳಿಗೆ 12, ಕಿರುಬೆರಳಿಗೆ 7 ಎಂದು ಎಣಿಕೆ. ಒಂದೇ ಕೈಯ ನಾಲ್ಕು ಬೆರಳು ಹೋದರೆ 50. ಕಾರ್ಮಿಕ ರಾಜ್ಯ ವಿಮೆಯಲ್ಲಿ ಹೆಸರಿದ್ದವನಿಗೆ ಕೆಲಸಕ್ಕೆ ಬಾರದಿರುವ ಅವಧಿಯಲ್ಲಿ ಸರಾಸರಿ ಕೂಲಿಯ ನೂರಕ್ಕೆ 90 ಭಾಗ ದೊರೆಯುತ್ತದೆ. ಕಾಯಂ ಅಂಗಹಾನಿಗೆ ಮಾಸಿಕ ಭತ್ಯವುಂಟು. ಕೆಲಸದಲ್ಲಿ ಆದ ಗಾಯಕ್ಕೆ ಇಷ್ಟು ತಿಂಗಳ ವಂತಿಗೆ ತುಂಬಿರಬೇಕೆಂಬ ಕಟ್ಟಳೆಯಿಲ್ಲ, ಸೇರಿದ ಮೊದಲ ದಿನದ ಗಾಯವೂ ಸಲ್ಲುತ್ತದೆ. ಗುತ್ತಿಗೆದಾರನ ಮೂಲಕ ಬಂದ ಹುಡುಗನಿಗೆ ಇದು ಗೊತ್ತಿರುವುದಿಲ್ಲ. ವಿಮಾ ಚೀಟಿ ಕೇಳುವ ಧೈರ್ಯ ಅವನಿಗೆ ಬರುವುದು ಬೆರಳು ಹೋದ ಮೇಲೆ. ಆಸ್ಪತ್ರೆಯಲ್ಲಿ ‘ಬಾಗಿಲಿಗೆ ಕೈ ಸಿಕ್ಕಿತು’ ಎಂದು ಬರೆಸಿದರೆ ಪರಿಹಾರದ ದಾರಿ ಅಲ್ಲಿಗೇ ಮುಚ್ಚಿದಂತೆ. ಯಂತ್ರದ ಹೆಸರು, ವೇಳೆ, ಕಂಡವರ ಹೆಸರು ಮೊದಲ ದಿನದ ಚೀಟಿಯಲ್ಲೇ ಇರಬೇಕು.

ಭಾಷೆಯ ಪ್ರಶ್ನೆಯೊಂದು ಉಳಿಯುತ್ತದೆ. 1948ರ ಕಾರ್ಖಾನೆ ಕಾನೂನು, ಸೂಚನಾಫಲಕಗಳು ಇಂಗ್ಲಿಷಿನಲ್ಲಿಯೂ ಬಹುಸಂಖ್ಯಾತ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿಯೂ ಇರಬೇಕೆಂದು ವಿಧಿಸಿತ್ತು. 2025ರ ನವೆಂಬರ್ 21ರಿಂದ ಆ ಕಾನೂನಿನ ಸ್ಥಾನದಲ್ಲಿ 2020ರ ವೃತ್ತಿ ಸುರಕ್ಷತೆಯ ಸಂಹಿತೆ ಜಾರಿಗೆ ಬಂದಿದೆ. ಭೋಸರಿಯ ಶೆಡ್ಡೊಂದರಲ್ಲಿ ಇಪ್ಪತ್ತು ಜನರ ನಡುವೆ ಇಂಡಿ ತಾಲ್ಲೂಕಿನಿಂದ ಬಂದ ಮೂವರು ಬಹುಸಂಖ್ಯಾತರಾಗುವುದು ಯಾವ ಕಾನೂನಿನಿಂದಲೂ ಸಾಧ್ಯವಿಲ್ಲ. ಅವರಿಗೆ ಕನ್ನಡ ಓದಲು ಬರುತ್ತದೆ. ಯಂತ್ರವನ್ನು ಆರಿಸುವ ಗುಂಡಿ ಎಲ್ಲಿದೆ, ಬೆರಳನ್ನು ಹೇಗೆ ಸುತ್ತಿಡಬೇಕು, 108ಕ್ಕೆ ಕರೆ ಮಾಡಿ ಯಾವ ಗುರುತು ಹೇಳಬೇಕು ಎಂಬ ನಾಲ್ಕು ಸಾಲುಗಳನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಲು ಒಂದು ಹಾಳೆ ಸಾಕು. ಪುಣೆಯಲ್ಲಿ ಅದನ್ನು ಬರೆದುಕೊಡಬಲ್ಲ ಕನ್ನಡಿಗ ವೈದ್ಯರಿಗೂ ಎಂಜಿನಿಯರರಿಗೂ ಕೊರತೆಯಿಲ್ಲ.